ಕುದುರೆಯ ಕಾಲಿನ ಗಾಯ ದೊಡ್ಡ ಕಲೆ ಉಳಿಸದೆ ಮಾಯಬೇಕಾದರೆ: ಮೊದಲ ಗಂಟೆಯಿಂದ ಕೂದಲು ಬರುವವರೆಗೆ

ನಮ್ಮ ಲಾಯದ ಎರಡು ಕುದುರೆಗಳಿಗೆ ಐದು ವರ್ಷದ ಅಂತರದಲ್ಲಿ ಹಿಂಗಾಲಿಗೇ ಗಾಯವಾಯಿತು. ಎರಡಕ್ಕೂ ಕಾರಣ ಬೇಲಿಯ ಮುಳ್ಳುತಂತಿ. ಮೊದಲನೆಯದು ಬಿಳಿ ಗಂಡು. ಅದರ ಕಾಲಿನಲ್ಲಿ ಕೊನೆಯವರೆಗೂ ಅರ್ಧ ಕಿತ್ತಳೆ ಅಂಟಿಸಿದ ಹಾಗೆ ಒಂದು ಉಬ್ಬು ಉಳಿಯಿತು. ಅದರ ಮೇಲೆ ಒಂದು ಕೂದಲೂ ಇರಲಿಲ್ಲ. ಹುಲ್ಲಿನ ಕಡ್ಡಿ ತಾಗಿದರೂ ರಕ್ತ ಬರುತ್ತಿತ್ತು. ಎರಡನೆಯದು ಕಂದು ಹೆಣ್ಣು. ಅದಕ್ಕಾದ ಗಾಯ ಇನ್ನೂ ದೊಡ್ಡದು, ನನ್ನ ಅಂಗೈ ಅಗಲ. ಅಲ್ಲಿ ಈಗ ಕಿರುಬೆರಳಿನಷ್ಟು ಅಗಲದ ಬೂದು ಗೆರೆ ಇದೆ. ಸುತ್ತಲಿನ ಕೂದಲು ಸರಿಸಿ ಹುಡುಕಬೇಕು.

ಬಿಳಿ ಕುದುರೆಗೆ ನಾವು ಆರೈಕೆ ಕಮ್ಮಿ ಮಾಡಿದ್ದೆವು ಅಂತಲ್ಲ. ಹಾಗೆ ನೋಡಿದರೆ ಅದಕ್ಕೇ ಜಾಸ್ತಿ ಔಷಧಿ ಹಚ್ಚಿದ್ದೆವು. ಬೇವಿನೆಣ್ಣೆ, ಕರ್ಪೂರ, ಅರಿಸಿನ, ಆಮೇಲೆ ಯಾರೋ ಹೇಳಿದರು ಅಂತ ಮೈಲುತುತ್ತ (ಕಾಪರ್ ಸಲ್ಫೇಟ್). ಕಂದು ಕುದುರೆಗೆ ಹಾಕಿದ್ದು ಉಪ್ಪುನೀರು, ಒಂದು ಮುಲಾಮು, ಒಳ್ಳೆಯ ಕಟ್ಟು. ಕಲೆ ದೊಡ್ಡದಾಗುವುದು ಬಹಳ ಸಲ ನಮ್ಮ ಕೈಯಿಂದಲೇ. ಅದನ್ನು ತಡೆಯುವ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದು ಪಶುವೈದ್ಯರ ಬದಲಿಗೆ ಅಲ್ಲ, ಅವರ ಜೊತೆಗೆ.

ಕಾಲಿನ ಗಾಯ ಯಾಕೆ ಇಷ್ಟು ಹಟಮಾರಿ

ಎದೆ, ಹೊಟ್ಟೆಯ ಪಕ್ಕ, ಪಿರ್ರೆಯ ಮೇಲೆ ಆದ ಗಾಯ ನೋಡಲು ಭಯಂಕರವಾಗಿದ್ದರೂ ಚೆನ್ನಾಗಿ ಮಾಯುತ್ತದೆ. ಅಲ್ಲಿ ಚರ್ಮ ಸಡಿಲ. ಕೆಳಗೆ ಮಾಂಸಖಂಡವಿದೆ, ರಕ್ತ ಚೆನ್ನಾಗಿ ಹರಿಯುತ್ತದೆ. ಗಾಯದ ಅಂಚುಗಳು ತಾವೇ ಒಂದನ್ನೊಂದು ಎಳೆದುಕೊಂಡು ಹತ್ತಿರ ಬರುತ್ತವೆ, ಸಂಚಿಯ ಬಾಯಿಗೆ ದಾರ ಎಳೆದ ಹಾಗೆ. ಅಂಗೈ ಅಗಲದ ಗಾಯ ಕೊನೆಗೆ ಒಂದು ಸಣ್ಣ ಗೆರೆಯಾಗಿ ಮುಗಿಯುತ್ತದೆ.

ಮುಂಗಾಲಿನ ಮಂಡಿ ಮತ್ತು ಹಿಂಗಾಲಿನ ಹಾಕ್ ಕೀಲಿನಿಂದ (ಕಾಲಿನ ನಡುವೆ ಹಿಂದಕ್ಕೆ ಮೊನೆಯಾಗಿ ಚಾಚಿದ ಕೀಲು) ಕೆಳಗೆ ಕಥೆಯೇ ಬೇರೆ. ಅಲ್ಲಿ ಮಾಂಸಖಂಡವೇ ಇಲ್ಲ. ಮೂಳೆ ಮತ್ತು ಸ್ನಾಯುರಜ್ಜಿನ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ) ಮೇಲೆ ಚರ್ಮ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಹೆಜ್ಜೆ ಇಟ್ಟಾಗಲೆಲ್ಲ ಗಾಯ ಬಾಯಿ ಬಿಡುತ್ತದೆ. ಲದ್ದಿ, ಗಂಜಲ, ಕೆಸರು ಎಲ್ಲ ಹತ್ತಿರದಲ್ಲೇ. ಹಾಗಾಗಿ ಮೊದಲ ಒಂದೆರಡು ವಾರ ಕಾಲಿನ ಗಾಯ ಸಣ್ಣದಾಗುವ ಬದಲು ದೊಡ್ಡದಾಗುತ್ತದೆ. ಇದನ್ನು ನೋಡಿ ಗಾಬರಿಯಾಗಬೇಡಿ. ಅದು ಸಹಜ.

ಆಮೇಲೆ ಅಂಚಿನಿಂದ ತೆಳ್ಳಗಿನ ಹೊಸ ಚರ್ಮ ಒಳಗೆ ಹರಡಿಕೊಂಡು ಬರುತ್ತದೆ. ಅದರ ವೇಗ ಕಾಲಿನಲ್ಲಿ ದಿನಕ್ಕೆ ಸುಮಾರು 0.1 ಮಿಲಿಮೀಟರ್. ಅಂದರೆ ಹತ್ತು ದಿನಕ್ಕೆ ಒಂದು ಮಿಲಿಮೀಟರ್! ನಾಲ್ಕು ಸೆಂಟಿಮೀಟರ್ ಅಗಲದ ಗಾಯ ಬರೀ ಈ ದಾರಿಯಲ್ಲೇ ಮುಚ್ಚಬೇಕಾದರೆ ಆರು ತಿಂಗಳು ದಾಟುತ್ತದೆ. ಹೀಗೆ ಬಂದ ಚರ್ಮದಲ್ಲಿ ಕೂದಲಿನ ಬೇರಿಲ್ಲ, ಬೆವರಿನ ಗ್ರಂಥಿಯೂ ಇಲ್ಲ. ನಾವು ಕಲೆ ಅನ್ನುವುದು ಇದನ್ನೇ. ಹಾಗಾದರೆ ಲೆಕ್ಕ ಸರಳ. ಈ ತೆಳು ಚರ್ಮ ಎಷ್ಟು ಕಮ್ಮಿ ಜಾಗ ತುಂಬಬೇಕೋ ಕಲೆ ಅಷ್ಟು ಚಿಕ್ಕದು.

ಇನ್ನೊಂದು ವಿಷಯ. ಗಿಡ್ಡ ತಳಿಯ ತಟ್ಟುಗಳಲ್ಲಿ ಗಾಯ ದೊಡ್ಡ ಕುದುರೆಗಳಿಗಿಂತ ಬೇಗ ಮಾಯುತ್ತದೆ, ಗಾಯದಲ್ಲಿ ಚರ್ಮದ ಮಟ್ಟ ಮೀರಿ ಉಬ್ಬುವ ದುರ್ಮಾಂಸವೂ ಕಮ್ಮಿ ಬೆಳೆಯುತ್ತದೆ. ಮೈಸೂರಿನ ಜಟಕಾ ಗಾಡಿಯ ಹಿರಿಯರು "ನಾವು ಇದನ್ನೇ ಹಚ್ಚಿದ್ವಿ, ವಾಸಿಯಾಯ್ತು" ಅಂತ ಹೇಳಿದರೆ ಅದು ಸುಳ್ಳಲ್ಲ. ಆದರೆ ಗಟ್ಟಿಮುಟ್ಟು ತಟ್ಟು ತಡೆದುಕೊಂಡದ್ದನ್ನು ರೇಸಿನಿಂದ ಬಂದ ಥರೋಬ್ರೆಡ್‌ನ ಕಾಲು ತಡೆದುಕೊಳ್ಳುವುದಿಲ್ಲ.

ಹಂತ 1: ಮೊದಲ ಅರ್ಧ ಗಂಟೆ

ಕುದುರೆಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಒಬ್ಬರು ಹಗ್ಗ ಹಿಡಿದು ತಲೆಯ ಹತ್ತಿರ ನಿಲ್ಲಲಿ, ಸ್ವಲ್ಪ ಹುಲ್ಲು ಕೊಡಲಿ. ನೀವು ಗಾಯವಿರುವ ಬದಿಯಲ್ಲೇ, ಮೈಗೆ ಹತ್ತಿರವಾಗಿ ನಿಲ್ಲಿ. ಮಂಡಿಯೂರಿ ಕೂರಬೇಡಿ, ಕುಕ್ಕರಗಾಲಲ್ಲಿರಿ. ಒದ್ದರೆ ಪಕ್ಕಕ್ಕೆ ಹಾರಬೇಕಲ್ಲ.

ರಕ್ತ ಸುರಿಯುತ್ತಿದ್ದರೆ ಒಗೆದ ದಪ್ಪ ಬಟ್ಟೆಯನ್ನು ಮಡಿಸಿ ನೇರವಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಕೈ ತೆಗೆಯಬೇಡಿ. ನಿಂತಿತಾ ಅಂತ ಮತ್ತೆ ಮತ್ತೆ ಎತ್ತಿ ನೋಡಿದರೆ ಹೆಪ್ಪು ಕಿತ್ತುಹೋಗುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. 450 ಕಿಲೋ ತೂಕದ ಕುದುರೆಯ ಮೈಯಲ್ಲಿ ಸುಮಾರು 35 ಲೀಟರ್ ರಕ್ತವಿರುತ್ತದೆ. ನೆಲದ ಮೇಲೆ ಒಂದು ಚೊಂಬಿನಷ್ಟು ಬಿದ್ದರೆ ಕಣ್ಣಿಗೆ ಕೊಳದ ಹಾಗೆ ಕಾಣುತ್ತದೆ, ಆದರೆ ಪ್ರಾಣಕ್ಕೆ ಅಪಾಯವಿಲ್ಲ. ಕೆಂಪು ರಕ್ತ ಚಿಮ್ಮಿ ಚಿಮ್ಮಿ ಬರುತ್ತಿದ್ದರೆ ಮಾತ್ರ ಒತ್ತುಬಟ್ಟೆಯ ಮೇಲೆ ಬಿಗಿಯಾಗಿ ಪಟ್ಟಿ ಸುತ್ತಿ ವೈದ್ಯರನ್ನು ಕೂಡಲೇ ಕರೆಸಿ. ಕಾಲಿಗೆ ಹಗ್ಗ ಬಿಗಿದು ರಕ್ತ ನಿಲ್ಲಿಸಲು ಹೋಗಬೇಡಿ.

ಈಗ ಫೋನ್ ತೆಗೆದು ಎರಡು ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದು. ವೈದ್ಯರಿಗೆ ಕಳಿಸಲೂ ಬೇಕು, ಮುಂದಿನ ವಾರ ಹೋಲಿಸಲೂ ಬೇಕು.

ಈ ಹಂತದಲ್ಲಿ ಗಾಯಕ್ಕೆ ಏನೂ ಹಚ್ಚಬೇಡಿ. ಅರಿಸಿನವೂ ಬೇಡ, ಕಾಫಿ ಪುಡಿಯೂ ಬೇಡ. ಕಲೆ ಕಮ್ಮಿಯಾಗಲು ಅತಿ ದೊಡ್ಡ ಅವಕಾಶ ಹೊಲಿಗೆ. ಅದಕ್ಕೆ ಒಳ್ಳೆಯ ಸಮಯ ಮೊದಲ ಆರರಿಂದ ಎಂಟು ಗಂಟೆ. ಪುಡಿ, ಎಣ್ಣೆ ತುಂಬಿದ ಗಾಯವನ್ನು ವೈದ್ಯರು ಮೊದಲು ಅದರಿಂದ ಬಿಡಿಸಬೇಕು. ಅಷ್ಟರಲ್ಲಿ ಒಳ್ಳೆಯ ಚರ್ಮವೂ ಹಾಳಾಗುತ್ತದೆ. ಜೋತುಬಿದ್ದ ಚರ್ಮದ ಚೂರನ್ನು ಕತ್ತರಿಸಿ ಎಸೆಯಬೇಡಿ. ಉಪ್ಪುನೀರಲ್ಲಿ ನೆನೆಸಿದ ಗಾಝ್‌ನಿಂದ ಅದನ್ನು ಅದರ ಜಾಗಕ್ಕೇ ಒರಗಿಸಿ ಮುಚ್ಚಿಡಿ. ಆ ಚೂರಿನಲ್ಲಿ ಕೂದಲಿನ ಬೇರಿದೆ. ಅದು ಉಳಿದಷ್ಟು ಜಾಗದಲ್ಲಿ ಮುಂದೆ ಕೂದಲು ಬರುತ್ತದೆ.

ಕಾಲಿನ ಹೊಲಿಗೆ ಒಂದು ವಾರಕ್ಕೆ ಬಿಟ್ಟುಕೊಳ್ಳುವುದು ಸಾಮಾನ್ಯ. ನಮ್ಮ ಕಂದು ಕುದುರೆಗೂ ಎಂಟನೇ ದಿನ ಮೇಲಿನ ಅರ್ಧ ಬಿಚ್ಚಿಕೊಂಡಿತು. ಎಲ್ಲ ವ್ಯರ್ಥವಾಯಿತು ಅಂತ ಬೇಜಾರಾಗಿತ್ತು. ಆದರೆ ಕೆಳಗಿನ ಅರ್ಧ ಕೂಡಿಕೊಂಡಿತ್ತು. ತೆಳು ಚರ್ಮ ತುಂಬಬೇಕಾದ ಜಾಗ ಅರ್ಧಕ್ಕೆ ಇಳಿದಿತ್ತು.

ಯಾವಾಗ ಕಾಯದೆ ವೈದ್ಯರನ್ನು ಕರೆಯಬೇಕು

ಗಾಯದ ಗಾತ್ರ ನೋಡಿ ತೀರ್ಮಾನಿಸಬೇಡಿ. ಜಾಗ ನೋಡಿ. ಕೀಲಿನ ಹತ್ತಿರ, ಸ್ನಾಯುರಜ್ಜು ಓಡುವ ಕಾಲಿನ ಹಿಂಭಾಗದಲ್ಲಿ ಆದ ಒಂದು ಸಣ್ಣ ತೂತು, ತೊಡೆಯ ಮೇಲಿನ ದೊಡ್ಡ ಸೀಳಿಗಿಂತ ಅಪಾಯ. ಗಾಯದಿಂದ ತಿಳಿ ಹಳದಿ ದ್ರವ ಬರುತ್ತಿದೆಯಾ? ಎರಡು ಬೆರಳ ನಡುವೆ ಹಿಡಿದು ಬಿಡಿಸಿ ನೋಡಿ. ಜೇನಿನ ಹಾಗೆ ನೂಲೆಳೆದರೆ ಅದು ಕೀಲಿನೊಳಗಿನ ದ್ರವ ಇರಬಹುದು. ಆಗ ಗಂಟೆಗಳ ಲೆಕ್ಕ. ಕೀಲಿಗೆ ಸೋಂಕು ಹತ್ತಿದರೆ ಕಲೆಯ ಮಾತು ಬಿಡಿ, ಕುದುರೆಯೇ ಉಳಿಯದಿರಬಹುದು.

ಗಾಯ ಸಣ್ಣದಿದ್ದೂ ಕುದುರೆ ಕಾಲೂರದೆ ಕುಂಟುತ್ತಿದ್ದರೆ, ಬಿಳಿಯ ಮೂಳೆ ಅಥವಾ ರಜ್ಜು ಕಂಡರೆ, ಕಣ್ಣಿನ ರೆಪ್ಪೆ ಹರಿದಿದ್ದರೆ, ಎದೆ ಅಥವಾ ಹೊಟ್ಟೆಯೊಳಗೆ ಏನಾದರೂ ಚುಚ್ಚಿದ್ದರೆ, ಚರ್ಮ ಪೂರ್ತಿ ಸೀಳಿ ಬಾಯಿ ಬಿಟ್ಟಿದ್ದರೆ ಕೂಡಲೇ ಕರೆಯಿರಿ. ಗೊರಸಿನ ಅಡಿಗೆ ಮೊಳೆ ಚುಚ್ಚಿದ್ದು, ವೈದ್ಯರು ಬೇಗ ಬರುವಂತಿದ್ದರೆ ಅದನ್ನು ಕೀಳಬೇಡಿ. ಇನ್ನೂ ಒಳಗೆ ಹೋಗದ ಹಾಗೆ ಸುತ್ತ ಬಟ್ಟೆಯ ಗುಜ್ಜು ಕಟ್ಟಿ. ಎಷ್ಟು ಆಳ, ಯಾವ ದಿಕ್ಕು ಅಂತ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಹಳ್ಳಿಯಲ್ಲಿದ್ದು ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ. ಅದು ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ.

ಧನುರ್ವಾಯುವಿನ ಬಗ್ಗೆ ಒತ್ತಿ ಹೇಳಬೇಕು. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಸುಲಭವಾಗಿ ಅದಕ್ಕೆ ಬಲಿಯಾಗುವುದು ಇನ್ನೊಂದಿಲ್ಲ. ಲದ್ದಿಯಲ್ಲೂ ಮಣ್ಣಿನಲ್ಲೂ ಅದರ ಬೀಜಾಣು ಇರುತ್ತದೆ. ಹಿಂದಿನ ಲಸಿಕೆಯಾಗಿ ಆರು ತಿಂಗಳು ದಾಟಿದ್ದರೆ ಗಾಯವಾದ ದಿನವೇ ಇನ್ನೊಂದು ಚುಚ್ಚುಮದ್ದು ಬೇಕು. ಲಸಿಕೆಯೇ ಆಗಿಲ್ಲದಿದ್ದರೆ ಪ್ರತಿವಿಷ ಮತ್ತು ಲಸಿಕೆ ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಕೊಡುತ್ತಾರೆ. ತಾರೀಕು ಬರೆದಿಡುವ ಅಭ್ಯಾಸ ಇಲ್ಲದಿದ್ದರೆ ಇವತ್ತೇ ಶುರು ಮಾಡಿ.

ಹಂತ 2: ತೊಳೆಯುವುದು

ಕೆಸರು, ಮರಳು ಮೆತ್ತಿದ್ದರೆ ಮೊದಲು ನಲ್ಲಿ ಪೈಪಿನ ಸಣ್ಣ ಧಾರೆಯಲ್ಲಿ ಕೆಲವು ನಿಮಿಷ ಬಿಡಿ. ಧಾರೆಯನ್ನು ಗೊರಸಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ತನ್ನಿ, ಕುದುರೆ ಬೆಚ್ಚುವುದಿಲ್ಲ. ಇದು ಮೊದಲ ದಿನದ ಕೆಲಸ. ದಿನಾ ಅರ್ಧ ಗಂಟೆ ನೀರು ಬಿಡುವ ರೂಢಿ ಕೆಲವು ಲಾಯಗಳಲ್ಲಿದೆ. ಹಾಗೆ ಮಾಡಿದರೆ ಹೊಸ ಮಾಂಸ ನೀರು ಕುಡಿದು ಊದಿಕೊಳ್ಳುತ್ತದೆ.

ಆಮೇಲೆ ಉಪ್ಪುನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ. ಜಾಸ್ತಿ ಉಪ್ಪು ಹಾಕಿದರೆ ಜಾಸ್ತಿ ಒಳ್ಳೆಯದು ಅಂದುಕೊಳ್ಳಬೇಡಿ, ಅದು ಉರಿಯುತ್ತದೆ, ಜೀವಕೋಶಗಳನ್ನೂ ಸುಡುತ್ತದೆ.

ಸುತ್ತಲಿನ ಕೂದಲು ಕತ್ತರಿಸುವ ಮೊದಲು ಗಾಯದ ಒಳಗೆ ನೀರಿನಲ್ಲಿ ಕರಗುವ ಜೆಲ್ಲಿಯನ್ನು ತುಂಬಿಸಿ. ಸ್ಕ್ಯಾನಿಂಗ್‌ಗೆ ಬಳಸುವಂಥದ್ದು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕತ್ತರಿಸಿದ ಕೂದಲೆಲ್ಲ ಜೆಲ್ಲಿಗೆ ಅಂಟಿಕೊಳ್ಳುತ್ತದೆ. ತೊಳೆದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಒಂದೇ ಒಂದು ಕೂದಲು ಒಳಗೆ ಉಳಿದರೂ ಮೈ ಅದನ್ನು ಮುಳ್ಳಿನ ಹಾಗೆ ಹೊರದೂಡಲು ನೋಡುತ್ತದೆ. ಅಲ್ಲಿ ಮಾಯುವುದು ನಿಲ್ಲುತ್ತದೆ.

ಸುಮ್ನೆ ಸುರಿದರೆ ಕೊಳೆ ಹೋಗುವುದಿಲ್ಲ. 30ರಿಂದ 50 ಮಿಲಿಲೀಟರ್ ಸಿರಿಂಜಿಗೆ 18 ಗೇಜ್ ಸೂಜಿ ಸಿಕ್ಕಿಸಿ, ಗಾಯದಿಂದ ನಾಲ್ಕು ಬೆರಳು ದೂರದಿಂದ ಓರೆಯಾಗಿ ಚಿಮ್ಮಿಸಿ. ಆ ಒತ್ತಡ ಸಾಕು. ಆಳವಾದ ತೂತಿನೊಳಗೆ ಮಾತ್ರ ಹೀಗೆ ಚಿಮ್ಮಿಸಬೇಡಿ, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಕನಿಷ್ಠ ಒಂದು ಲೀಟರ್ ಖಾಲಿಯಾಗಲಿ. ಕೊನೆಯಲ್ಲಿ ಪೊವಿಡೋನ್ ಅಯೋಡಿನ್ ಬೇಕಾದರೆ ಬಳಸಬಹುದು. 10 ಶೇಕಡಾ ದ್ರಾವಣವಾದರೆ ಲೀಟರಿಗೆ 10ರಿಂದ 20 ಮಿಲಿಲೀಟರ್, 5 ಶೇಕಡಾದ್ದಾದರೆ ಅದರ ಎರಡರಷ್ಟು. ಬಣ್ಣ ತೆಳು ಕಪ್ಪು ಚಹಾದ ಹಾಗಿರಬೇಕು. ಬಾಟಲಿಯಿಂದ ನೇರವಾಗಿ ಸುರಿಯಬೇಡಿ.

ನಾನು ಪಾಲಿಸುವ ಒಂದು ಅಳತೆಗೋಲು ಇದೆ. ಕುದುರೆ ಸಾಕುವವರ ನಡುವೆ ಹಳೆಯ ಮಾತು. ನಿಮ್ಮ ಕಣ್ಣಿಗೆ ಹಾಕಲು ಹೆದರುವುದನ್ನು ಗಾಯಕ್ಕೂ ಹಾಕಬೇಡಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಫಿನೈಲ್, ಸುಣ್ಣ, ಬೂದಿ, ಸುಟ್ಟ ಎಂಜಿನ್ ಆಯಿಲ್ ಎಲ್ಲ ಇಲ್ಲೇ ಸೋಲುತ್ತವೆ. ಅರಿಸಿನ ವಿಷವಲ್ಲ, ನಿಜ. ಆದರೆ ಅಡುಗೆಮನೆಯ ಪುಡಿ ಶುದ್ಧವಾಗಿರುವುದಿಲ್ಲ. ಅದರ ಕಣಗಳು ಹೊಸ ಮಾಂಸದಲ್ಲಿ ಹೂತುಕೊಂಡು ಮರಳಿನ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಸಿಗುವ ಹಳದಿ ನೈಟ್ರೋಫ್ಯುರಾಝೋನ್ ಮುಲಾಮು ಕೂಡ ಹೊಸ ಚರ್ಮ ಬರುವುದನ್ನು ನಿಧಾನ ಮಾಡುತ್ತದೆ.

ಹಂತ 3: ಕಟ್ಟು

ಮೈಮೇಲಿನ ಗಾಯಕ್ಕೆ ಸಾಮಾನ್ಯವಾಗಿ ಕಟ್ಟು ಬೇಡ. ಕಾಲಿನ ಗಾಯಕ್ಕೆ ಬೇಕೇ ಬೇಕು. ಅದು ಕೊಳೆ ತಡೆಯುತ್ತದೆ, ಬಾವು ಇಳಿಸುತ್ತದೆ, ಅಂಚುಗಳ ಅಲುಗಾಟ ಕಮ್ಮಿ ಮಾಡುತ್ತದೆ, ತೇವ ಉಳಿಸುತ್ತದೆ. ಒಣಗಿ ಹಕ್ಕಳೆ ಕಟ್ಟಿದರೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿದೆ. ಆದರೆ ಹೊಸ ಚರ್ಮ ಹರಡಬೇಕಾದರೆ ಹಸಿ ನೆಲ ಬೇಕು. ಗಟ್ಟಿ ಹಕ್ಕಳೆ ಇದ್ದರೆ ಹೊಸ ಚರ್ಮ ಅದರ ಅಡಿಯಲ್ಲಿ ಸುತ್ತಿ ಬಳಸಿ ಹೋಗಬೇಕು.

ಮೊದಲ ಪದರ ಗಾಯಕ್ಕೆ ಅಂಟದ ಬಟ್ಟೆ, ಪ್ಯಾರಾಫಿನ್ ಗಾಝ್ ಎಲ್ಲ ಕಡೆ ಸಿಗುತ್ತದೆ. ಇದರ ಕೆಳಗೆ ಮೊದಲ ಕೆಲವು ದಿನ ವೈದ್ಯರು ಹೇಳಿದ ಮುಲಾಮು ತೆಳುವಾಗಿ, ಸಾಮಾನ್ಯವಾಗಿ ಸಿಲ್ವರ್ ಸಲ್ಫಾಡಯಾಝಿನ್. ಜೇನೂ ಮೊದಲ ಹತ್ತು ಹನ್ನೆರಡು ದಿನ ಒಳ್ಳೆಯದೇ. ಆದರೆ ಗಾಯಕ್ಕೆಂದೇ ಶುದ್ಧೀಕರಿಸಿದ್ದು ಆಗಬೇಕು. ಹಸಿ ಜೇನಿನಲ್ಲಿ ಬೀಜಾಣು ಇರಬಹುದು.

ಎರಡನೇ ಪದರ ಅರಳೆ. ಇಲ್ಲಿ ಜಿಪುಣತನ ಮಾಡಬೇಡಿ. ಒತ್ತಿದ ಮೇಲೂ ಒಂದು ಅಂಗುಲ ದಪ್ಪ ಇರಬೇಕು. ಸುಕ್ಕಿಲ್ಲದೆ, ಗಾಯದಿಂದ ಮೇಲೂ ಕೆಳಗೂ ಒಂದು ಗೇಣಿನಷ್ಟು ಹೋಗಲಿ. ಗಾಯ ಗೊರಸಿನ ಹತ್ತಿರವಿದ್ದರೆ ಗೊರಸಿನ ಅಂಚಿನವರೆಗೂ ಇಳಿಸಿ.

ಮೂರನೆಯದು ಹಿಗ್ಗುವ ಪಟ್ಟಿ. ಕಾಲಿನ ಮುಂದಿನಿಂದ ಹೊರಬದಿಗೆ, ಅಲ್ಲಿಂದ ಹಿಂದಕ್ಕೆ ಸುತ್ತಿಕೊಂಡು ಬನ್ನಿ. ಮೇಲಿನಿಂದ ನೋಡಿದಾಗ ಎಡಗಾಲಿಗೆ ಗಡಿಯಾರದ ವಿರುದ್ಧ ದಿಕ್ಕು, ಬಲಗಾಲಿಗೆ ಗಡಿಯಾರದ ದಿಕ್ಕು. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಲಿ. ಎಳೆತ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರಲಿ. ಮೇಲೂ ಕೆಳಗೂ ಒಂದು ಬೆರಳಗಲ ಅರಳೆ ಹೊರಗೆ ಕಾಣುತ್ತಿರಲಿ, ಪಟ್ಟಿಯ ಅಂಚು ಚರ್ಮಕ್ಕೆ ತಾಗಬಾರದು. ಮುಗಿದ ಮೇಲೆ ಮೇಲಂಚಿನಲ್ಲಿ ಒಂದು ಬೆರಳು ತೂರಿಸಿ ನೋಡಿ. ಕಷ್ಟಪಟ್ಟು ಹೋದರೆ ಸರಿ. ಹಾಕ್ ಕೀಲಿನ ಹಿಂದಿನ ಮೊನೆ ಮತ್ತು ಮುಂಗಾಲಿನ ಮಂಡಿಯ ಹಿಂದಿನ ಮೂಳೆ, ಇವೆರಡರ ಮೇಲೆ ಪಟ್ಟಿ ಬಿಗಿಯಬೇಡಿ. ಅಲ್ಲಿ ಚರ್ಮ ಸತ್ತು ಹೊಸ ಗಾಯವೇ ಆಗುತ್ತದೆ.

ಮೊದಲ ಮೂರು ನಾಲ್ಕು ದಿನ ದಿನಾ ಬದಲಿಸಿ, ಸೋರುವುದು ಕಮ್ಮಿಯಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ. ಒದ್ದೆಯಾದರೆ, ಜಾರಿದರೆ, ಕುದುರೆ ಕಟ್ಟನ್ನು ಕಚ್ಚುತ್ತಿದ್ದರೆ, ಇದ್ದಕ್ಕಿದ್ದಂತೆ ಕುಂಟಿದರೆ, ಮೇಲ್ಭಾಗ ಊದಿದರೆ ಆಗಲೇ ಬಿಚ್ಚಿ. ಎದುರಿನ ಕಾಲಿಗೂ ಒಂದು ಕಟ್ಟು ಹಾಕಿ, ಭಾರವೆಲ್ಲ ಅದರ ಮೇಲೆ ಬಿದ್ದಿರುತ್ತದೆ.

ಹಂತ 4: ದಿನದಿನದ ನೋಟ

ಕಟ್ಟು ಬಿಚ್ಚಿದಾಗ ಮೊದಲು ಮೂಗಿಗೆ ಕೆಲಸ ಕೊಡಿ. ಸ್ವಲ್ಪ ಹುಳಿ ವಾಸನೆ ಪರವಾಗಿಲ್ಲ. ಕೊಳೆತ ವಾಸನೆ, ಹಸಿರು ಕೀವು, 38.5 ಡಿಗ್ರಿ ದಾಟಿದ ಜ್ವರ ಬಂದರೆ ವೈದ್ಯರು. ಮೊದಲ ನಾಲ್ಕು ದಿನ ಗಾಯ ಹಳದಿಯಾಗಿ, ಲೋಳೆಯಾಗಿ ಇರುವುದು ಸಹಜ, ಮೈ ತನ್ನ ಕಸ ಗುಡಿಸುತ್ತಿದೆ. ಮೂರರಿಂದ ಐದನೇ ದಿನಕ್ಕೆ ಅಲ್ಲಲ್ಲಿ ಕೆಂಪು ಚುಕ್ಕಿ ಕಾಣುತ್ತದೆ. ಅದೇ ಹೊಸ ಮಾಂಸ. ಎರಡು ವಾರಕ್ಕೆ ಗಾಯದ ತಳವೆಲ್ಲ ದಾಳಿಂಬೆ ಕಾಳಿನ ಬಣ್ಣಕ್ಕೆ ಬರುತ್ತದೆ. ಆಮೇಲೆ ಅಂಚಿನಲ್ಲಿ ತೆಳು ಗುಲಾಬಿ ಪಟ್ಟಿ, ಅದರ ಹೊರಗೆ ಬೂದು. ಆ ಗುಲಾಬಿ ಪಟ್ಟಿಯೇ ಒಳಗೆ ಹರಡುತ್ತಿರುವ ಹೊಸ ಚರ್ಮ. ಅದನ್ನು ಹತ್ತಿಯಿಂದ ತಿಕ್ಕಿದರೆ ಒಂದು ವಾರದ ಕೆಲಸ ಒಂದು ನಿಮಿಷದಲ್ಲಿ ಅಳಿಸಿಹೋಗುತ್ತದೆ. ಉಪ್ಪುನೀರು ಸುರಿದು, ಸುತ್ತಲಿನ ಒಳ್ಳೆಯ ಚರ್ಮವನ್ನು ಮಾತ್ರ ಒರೆಸಿ.

ಮೊದಲ ವಾರಗಳಲ್ಲಿ ಲಾಯದಲ್ಲೇ ವಿಶ್ರಾಂತಿ. ಕೀಲಿನ ಮೇಲೆ, ಹಿಮ್ಮಡಿಯ ಮೇಲೆ ಆದ ಗಾಯಕ್ಕೆ ಕೆಲವೊಮ್ಮೆ ವೈದ್ಯರು ಪ್ಲಾಸ್ಟರ್ ಕೂಡ ಹಾಕುತ್ತಾರೆ. ಅಲುಗಾಟ ನಿಂತರೆ ದುರ್ಮಾಂಸ ಅರ್ಧ ನಿಂತ ಹಾಗೆ. ಕೆಲಸವಿಲ್ಲದೆ ನಿಂತಿರುವಾಗ ಧಾನ್ಯ ಕಮ್ಮಿ ಮಾಡಿ, ಇಲ್ಲದಿದ್ದರೆ ಹೊಟ್ಟೆಶೂಲೆಯ ಭಯ. ಒಳ್ಳೆಯ ಒಣಹುಲ್ಲು, ಜೊತೆಗೆ ಪ್ರೋಟೀನಿಗೆ ಕುದುರೆ ಮೆಂತೆ (ಲೂಸರ್ನ್) ಸೊಪ್ಪು. ಹೆಸರೇ ಹೇಳುತ್ತದೆ, ಅಲ್ವಾ? ಬೇಯಿಸಿದ ಹುರುಳಿ ಒಂದು ಹಿಡಿ ಇದ್ದರೆ ಸಾಕು.

ನೋವಿಗೆ ವೈದ್ಯರು ಬರೆದ ಔಷಧಿ ಮಾತ್ರ. ಮನೆಯಲ್ಲಿ ಮನುಷ್ಯರಿಗೆಂದು ಇಟ್ಟ ಡೈಕ್ಲೊಫಿನಾಕ್ ಕೊಡಬೇಡಿ. ಪ್ರಾಣಿಗಳಿಗೆ ಅದನ್ನು ಕೊಡುವುದನ್ನು 2006ರಲ್ಲೇ ದೇಶದಲ್ಲಿ ನಿಷೇಧಿಸಿದ್ದಾರೆ. ಅದು ಇರುವ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೋಡಿದವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಹಂತ 5: ದುರ್ಮಾಂಸದ ಮೇಲೆ ಕಣ್ಣು

ಕಲೆಯ ಗಾತ್ರ ತೀರ್ಮಾನವಾಗುವುದು ಇಲ್ಲಿ. ಕೆಂಪು ಮಾಂಸ ಗುಂಡಿಯನ್ನು ತುಂಬಿ, ಚರ್ಮದ ಮಟ್ಟಕ್ಕೆ ಬಂದು ನಿಲ್ಲಬೇಕು. ಕುದುರೆಯ ಕಾಲಿನಲ್ಲಿ ಅದು ನಿಲ್ಲುವುದನ್ನು ಮರೆಯುತ್ತದೆ. ಹೂಕೋಸಿನ ಹಾಗೆ ಉಬ್ಬಿ, ಅಂಚಿನ ಮೇಲೆ ಜೋತುಬೀಳುತ್ತದೆ. ಪಾಪ, ಆ ತೆಳು ಚರ್ಮ ಗೋಡೆ ಹತ್ತಲಾರದು. ಅಲ್ಲೇ ನಿಂತುಬಿಡುತ್ತದೆ.

ನಾನು ಐಸ್‌ಕ್ರೀಂ ಕಡ್ಡಿಯೊಂದನ್ನು ಕುದಿಸಿ ಇಟ್ಟುಕೊಂಡಿದ್ದೆ. ಪ್ರತಿ ಸಲ ಕಟ್ಟು ಬಿಚ್ಚಿದಾಗ ಅದನ್ನು ಗಾಯದ ಮೇಲೆ ಅಡ್ಡಲಾಗಿ, ಎರಡೂ ಕಡೆಯ ಒಳ್ಳೆಯ ಚರ್ಮಕ್ಕೆ ತಾಗುವ ಹಾಗೆ ಹಿಡಿಯುತ್ತಿದ್ದೆ. ಮಧ್ಯೆ ಬೆಳಕು ಕಂಡರೆ ಮಾಂಸ ಇನ್ನೂ ಕೆಳಗಿದೆ. ಬೆಳಕಿಲ್ಲದೆ ಸಮ ಕೂತರೆ ಸರಿಯಾದ ಮಟ್ಟ. ಕಡ್ಡಿ ತಕ್ಕಡಿಯ ಹಾಗೆ ಆಚೀಚೆ ತೂಗಿದರೆ ಮಾಂಸ ಮೇಲೆ ಬಂದಿದೆ. ಕಂದು ಕುದುರೆಗೆ ಹತ್ತೊಂಬತ್ತನೇ ದಿನ ಕಡ್ಡಿ ಮೊದಲ ಸಲ ತೂಗಿತು. ಒಂದು ಅಕ್ಕಿಕಾಳಿನಷ್ಟು ಎತ್ತರ. ಅದೇ ದಿನ ವೈದ್ಯರಿಗೆ ಫೋಟೋ ಕಳಿಸಿದೆ.

ಇಷ್ಟು ಬೇಗ ಹಿಡಿದರೆ ದಾರಿ ಸುಲಭ. ಸ್ವಲ್ಪ ಉಬ್ಬಿದ್ದರೆ ಕಟ್ಟಿನ ಒತ್ತಡ ಸರಿಪಡಿಸಿ, ವೈದ್ಯರ ಸಲಹೆ ಮೇರೆಗೆ ಒಂದೆರಡು ಸಲ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇಳಿಯುತ್ತದೆ. ಜಾಸ್ತಿ ದಿನ ಹಚ್ಚಿದರೆ ಮಾಯುವುದೇ ನಿಲ್ಲುತ್ತದೆ, ಸೋಂಕಿದ್ದರೆ ಅದನ್ನು ಮುಟ್ಟಲೇ ಬಾರದು. ಸಿಲಿಕೋನ್ ಜೆಲ್ ಹಾಳೆಗಳೂ ದುರ್ಮಾಂಸವನ್ನು ಹತೋಟಿಯಲ್ಲಿಡುತ್ತವೆ. ಬೆಲೆ ಜಾಸ್ತಿ, ಆದರೆ ಸಣ್ಣ ಗಾಯಕ್ಕೆ ಕೊಡಬಹುದಾದ ಬೆಲೆ. ಕಟ್ಟಿನ ಬಗ್ಗೆ ಒಂದು ಇಕ್ಕಟ್ಟು ಇದೆ. ಕಟ್ಟಿನೊಳಗಿನ ಬೆಚ್ಚನೆಗೆ ದುರ್ಮಾಂಸ ಬೇಗ ಬೆಳೆಯುತ್ತದೆ, ಬಿಚ್ಚಿಟ್ಟರೆ ಕೊಳೆ ಸೇರುತ್ತದೆ. ಮಾಂಸ ಮಟ್ಟಕ್ಕೆ ಬಂದ ಮೇಲೆ ಕಟ್ಟು ಮುಂದುವರಿಸಬೇಕೋ ಬೇಡವೋ ಅನ್ನುವುದು ನಿಮ್ಮ ಲಾಯ ಎಷ್ಟು ಶುಚಿ ಮತ್ತು ಒಣ ಅನ್ನುವುದರ ಮೇಲೆ ನಿಂತಿದೆ.

ಮೇಲಕ್ಕೆ ಉಬ್ಬಿಯೇ ಬಿಟ್ಟಿದ್ದರೆ ಕತ್ತರಿಸುವುದೇ ದಾರಿ. ವೈದ್ಯರು ಬ್ಲೇಡಿನಿಂದ ಕೆಳಗಿನಿಂದ ಮೇಲಕ್ಕೆ ಹೆರೆಯುತ್ತಾರೆ, ಸುರಿಯುವ ರಕ್ತ ಕೆಲಸಕ್ಕೆ ಅಡ್ಡ ಬರದಿರಲಿ ಅಂತ. ಆ ಮಾಂಸದಲ್ಲಿ ನರಗಳಿಲ್ಲ, ಕುದುರೆಗೆ ನೋವಾಗುವುದಿಲ್ಲ. ರಕ್ತ ಮಾತ್ರ ತುಂಬಾ ಬರುತ್ತದೆ, ಗಾಬರಿಯಾಗಬೇಡಿ. ನೀವೇ ಮಾಡಲು ಹೋಗಬೇಡಿ. ಅಂಚಿನ ಗುಲಾಬಿ ಪಟ್ಟಿಯನ್ನು ಉಳಿಸಿ ಕತ್ತರಿಸುವುದು ತರಬೇತಿಯ ಕೈಗೆ ಮಾತ್ರ ಬರುತ್ತದೆ.

ನಮ್ಮ ಬಿಳಿ ಕುದುರೆಗೆ ಮೈಲುತುತ್ತ ಹಾಕಿದಾಗ ಉಬ್ಬು ಕಪ್ಪಾಗಿ ಉದುರಿತು. ಗೆದ್ದೆವು ಅಂದುಕೊಂಡೆವು. ಆದರೆ ಸುತ್ತಲಿನ ಹೊಸ ಚರ್ಮವೂ ಸುಟ್ಟುಹೋಗಿತ್ತು. ಗಾಯ ಮೊದಲಿಗಿಂತ ಒಂದು ಬೆರಳು ಅಗಲವಾಯಿತು, ಉಬ್ಬು ತಿಂಗಳಲ್ಲಿ ಮತ್ತೆ ಬಂತು. ಮೂರು ಸಲ ಹೀಗೆ ಮಾಡಿದೆವು. ಆ ಕುದುರೆ ಸುಮ್ಮನೆ ನಿಂತು ಸಹಿಸಿಕೊಂಡಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಳೆಗಾಲ ಮತ್ತು ನೊಣ

ಬ್ರಿಟಿಷರ ಕಾಲದ ಸೈನ್ಯದ ಪಶುವೈದ್ಯರು ನಮ್ಮ ದೇಶದ ಕುದುರೆಗಳ ಒಂದು ಹುಣ್ಣಿಗೆ ಬರ್ಸಾತಿ ಅಂತ ಹೆಸರಿಟ್ಟಿದ್ದರು, ಮಳೆ ಅನ್ನುವ ಹಿಂದಿ ಮಾತಿನಿಂದ. ಮಳೆಗಾಲದಲ್ಲಿ ಗಾಯ ಇದ್ದಕ್ಕಿದ್ದಂತೆ ಕೆರೆತ ಶುರುವಾಗಿ, ಉಬ್ಬಿ, ಒಳಗೆ ಹಳದಿ ನುಚ್ಚಿನಂಥ ಗಟ್ಟಿ ಕಾಳುಗಳು ಕಂಡರೆ ಅದೇ ಇರಬಹುದು. ಕುದುರೆಯ ಹೊಟ್ಟೆಯ ಒಂದು ಜಾತಿಯ ಹುಳದ ಮರಿಗಳನ್ನು ನೊಣ ಹೊತ್ತು ತಂದು ಗಾಯದ ಮೇಲೆ ಬಿಡುತ್ತದೆ. ಎಷ್ಟು ತೊಳೆದರೂ ಹೋಗದು. ಐವರ್ಮೆಕ್ಟಿನ್ ಬೇಕಾಗುತ್ತದೆ, ತೂಕ ನೋಡಿ ವೈದ್ಯರು ಕೊಡುತ್ತಾರೆ. ತಡೆಯುವುದೇ ಸುಲಭ. ಲದ್ದಿಯನ್ನು ದಿನಾ ದೂರ ಹಾಕಿ, ಗಾಯವನ್ನು ಮುಚ್ಚಿಡಿ, ನೊಣ ಓಡಿಸುವ ಔಷಧಿಯನ್ನು ಗಾಯದ ಸುತ್ತ ಹಚ್ಚಿ, ಗಾಯದೊಳಗೆ ಬೇಡ.

ಎಲ್ಲ ಸರಿ ಮಾಡಿದರೂ ಮಾಯದಿದ್ದರೆ

ಮೂರು ನಾಲ್ಕು ವಾರವಾದರೂ ಒಂದೇ ತೂತಿನಿಂದ ಕೀವು ಸೋರುತ್ತಿದ್ದರೆ ಒಳಗೆ ಏನೋ ಉಳಿದಿದೆ. ಕಡ್ಡಿ, ತಂತಿಯ ಚೂರು, ಇಲ್ಲವೇ ಏಟು ಬಿದ್ದು ಸತ್ತ ಮೂಳೆಯ ಸಿಬಿರು. ಎಕ್ಸ್‌ರೇ ತೆಗೆಸಿ. ದುರ್ಮಾಂಸದ ಹಾಗೇ ಕಾಣುವ ಸಾರ್ಕಾಯ್ಡ್ ಅನ್ನುವ ಚರ್ಮದ ಗಡ್ಡೆಯೂ ಗಾಯದಲ್ಲಿ ಹುಟ್ಟಬಹುದು. ಸಂಶಯ ಬಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ತುಂಬಾ ಅಗಲದ ಗಾಯಕ್ಕೆ ಕುತ್ತಿಗೆಯಿಂದ ಸಣ್ಣ ಸಣ್ಣ ಚರ್ಮದ ಬಿಲ್ಲೆ ತೆಗೆದು, ಭತ್ತದ ಸಸಿ ನೆಟ್ಟ ಹಾಗೆ ಕೆಂಪು ಮಾಂಸದಲ್ಲಿ ನೆಡುವ ಚಿಕಿತ್ಸೆ ಇದೆ. ನಿಂತಿರುವ ಕುದುರೆಗೇ ಮಾಡಬಹುದು. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ.

ಹಂತ 6: ಮುಚ್ಚಿದ ಮೇಲೆ

ಗಾಯ ಮುಚ್ಚಿತು ಅಂದರೆ ಕೆಲಸ ಮುಗಿದಿಲ್ಲ. ಒಳಗೆ ಕಲೆ ಗಟ್ಟಿಯಾಗುತ್ತಾ ಇನ್ನೂ ಒಂದು ವರ್ಷ ಬದಲಾಗುತ್ತದೆ. ಮೊದಲ ಚರ್ಮದ ಪೂರ್ತಿ ಬಲ ಅದಕ್ಕೆ ಯಾವತ್ತೂ ಬರುವುದಿಲ್ಲ. ಹೊಸ ಚರ್ಮ ಒಣಗಿ ಬಿರುಕು ಬಿಡದ ಹಾಗೆ ದಿನಾ ಚೂರು ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಗಟ್ಟಿಯಾದ ಮೇಲೆ, ರಕ್ತ ಬರುವ ಭಯವಿಲ್ಲ ಅನ್ನಿಸಿದಾಗ, ಹೆಬ್ಬೆರಳಿನಿಂದ ದಿನಾ ಐದು ನಿಮಿಷ ವೃತ್ತಾಕಾರವಾಗಿ ಮೆಲ್ಲಗೆ ಒತ್ತಿ. ಕೆಳಗಿನ ಪದರಕ್ಕೆ ಅಂಟಿಕೊಂಡ ಕಲೆ ಸಡಿಲವಾಗುತ್ತದೆ. ಗುಲಾಬಿ ಚರ್ಮ ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ. ಕೆಲಸಕ್ಕೆ ಹಚ್ಚುವಾಗ ಕಾಲಿಗೆ ಮೆತ್ತನೆಯ ರಕ್ಷೆ ಕಟ್ಟಿ.

ಕೂದಲು ಬಂದರೂ ಕೆಲವೊಮ್ಮೆ ಬಿಳಿಯಾಗಿ ಬರುತ್ತದೆ. ಕೂದಲಿನ ಬೇರು ಬದುಕಿದೆ, ಬಣ್ಣ ಕೊಡುವ ಕೋಶ ಸತ್ತಿದೆ ಅಂತ ಅರ್ಥ. ತಡಿ ಅಥವಾ ಜಟಕಾದ ಸರಂಜಾಮು ಉಜ್ಜಿದ ಜಾಗದಲ್ಲಿ ಕಾಣುವ ಬಿಳಿ ಚುಕ್ಕೆಗಳು ಇದೇ. ಅದಕ್ಕೆ ಮುಲಾಮು ಇಲ್ಲ. ಚರ್ಮ ಬಿಸಿಯಾಗಿ ಊದಿರುವುದು ಕೈಗೆ ಸಿಕ್ಕ ದಿನವೇ ಸರಂಜಾಮು ಇಳಿಸಿ, ಮಾಯುವವರೆಗೆ ಮತ್ತೆ ಹಾಕದಿದ್ದರೆ ಮಾತ್ರ ತಪ್ಪುತ್ತದೆ.

ನಾವು ಕಂದು ಕುದುರೆಯ ಗಾಯ ಮುಚ್ಚಿದ ವಾರವೇ ಪಕ್ಕದ ಹೊಲದವರ ಜೊತೆ ಮಾತಾಡಿ, ನಮ್ಮ ಬದಿಯ ಮುಳ್ಳುತಂತಿಯನ್ನೆಲ್ಲ ತೆಗೆಸಿದೆವು. ಅಲ್ಲೀಗ ಬಿದಿರಿನ ಗಳಗಳ ಬೇಲಿ ಇದೆ. ಕುದುರೆಗೆ ದೂರದಿಂದಲೇ ಕಾಣಲಿ ಅಂತ ಎದೆಯೆತ್ತರಕ್ಕೆ ಅಗಲದ ಬಿಳಿ ಪಟ್ಟಿ ಎಳೆದು ಕಟ್ಟಿದ್ದೇವೆ. ಮಣ್ಣಿನಲ್ಲಿ ಹೂತಿದ್ದ ತಂತಿಯ ತುಂಡುಗಳನ್ನು ಹುಡುಕಿ ತೆಗೆಯಲು ಎರಡು ಭಾನುವಾರ ಬೇಕಾಯಿತು.